ಜಿನ್‌ಪಾಚಿಯ ಪಾಲು

ಪೋರ್ಚುಗೀಸ್ ಕಪ್ತಾನ ಬೂಟುಗಾಲಲ್ಲೇ ಚಾಪೆ ತುಳಿದು ಒಳಬಂದಾಗ ಒಫುಸಾ ಸಾರಿನ ಬಟ್ಟಲಿಗೆ ಮುಚ್ಚಳ ಹಾಕುತ್ತಿದ್ದಳು. ಅದು ಮಗ ಜಿನ್‌ಪಾಚಿಯ ಪಾಲು. ಜಪಾನಿನ ಹಿರಾಡೊ ಬಂದರಿನಿಂದ ಈ ಕಪ್ತಾನನ ಹಡಗಿನವರು ಅವನನ್ನು ಸರಪಳಿ ಬಿಗಿದು ಒಯ್ದು ಎರಡು ವರ್ಷವಾಗಿತ್ತು. ದೂರ ಹೋದವರಿಗೂ ದಿನಾ ಊಟ ಬಡಿಸಿಡಬೇಕು. ಮುಚ್ಚಳದೊಳಗೆ ಹನಿ ಕಟ್ಟಿದರೆ ಅವರು ಬದುಕಿದ್ದಾರೆ ಎಂಬುದು ಅಲ್ಲಿನ ನಂಬಿಕೆ.

ಕಪ್ತಾನ ಕಾಗದದ ಪೊಟ್ಟಣವೊಂದನ್ನು ಚಾಚಿದ. ಅದೇ ಕೇರಿಯ ದುಭಾಷಿ ಕ್ಯೂಬೆ ತಲೆ ತಗ್ಗಿಸಿ ಹೇಳಿದ: "ಜಿನ್‌ಪಾಚಿ ಕೂದಲು, ದೊಡ್ಡಮ್ಮ. ಮಲಕ್ಕಾದಲ್ಲಿ ಜ್ವರ ಬಂದು ಹೋದನಂತೆ. ತಗೊಂಡು ಮಣ್ಣು ಮಾಡಿ. ಇವರ ಮೇಲೆ ನೀವು ದೊರೆ ಹತ್ರ ಕೊಟ್ಟ ದೂರೂ ಅಲ್ಲಿಗೆ ಮುಗಿಯುತ್ತೆ."

ಒಫುಸಾ ಮುಚ್ಚಳ ತೆಗೆದು ಕ್ಯೂಬೆಯ ಮೂಗಿಗೆ ಹಿಡಿದಳು. ಹನಿಗಳು ತೊಟ್ಟಿಕ್ಕಿದವು.

"ಬಿಸಿ ಸಾರು ಮುಚ್ಚಿಟ್ರೆ ಹನಿ ಕಟ್ಟದೆ ಇನ್ನೇನಾಗುತ್ತೆ, ದೊಡ್ಡಮ್ಮ?"

"ಗೊತ್ತು ಕಣೋ, ಇವರ ಎಂಜಲು ತಿನ್ನೋನೇ! ಅದಕ್ಕೇ ದಿನಾ ಕುದಿಕುದಿ ಬಡಿಸ್ತೀನಿ. ನಾನೀ ಪೊಟ್ಟಣ ಮುಟ್ಟಿದ್ರೆ ನನ್ನ ಮಗ ಸತ್ತ, ಇವನು ಸಾಚಾ ಆದ. ಎಲ್ಲಿ ಮಾರಿದ್ನೋ ಅಲ್ಲಿಂದ ಇವನೇ ಹೋಗಿ ಕರ್ಕೊಂಡು ಬರ್ಲಿ."

ಕ್ಯೂಬೆ ಅದನ್ನು ಪೋರ್ಚುಗೀಸಿನಲ್ಲಿ ಹೇಳಿದ. ಕಪ್ತಾನ ನಕ್ಕು, ಪೊಟ್ಟಣವನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಒಫುಸಾ ಮುಚ್ಚಳವನ್ನು ಬಟ್ಟಲಿನ ಮೇಲಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ."