ಆರನೇ ಪ್ರಶ್ನೆ

ಮೈಸೂರಿನ ಚೌರಪ್ಪನವರು ಶಾಮಿಯಾನ ಬಾಡಿಗೆಗೆ ಕೊಡುವವರು. ಅವರ ಏರಿಯಾದ ಅರ್ಧ ಮದುವೆಗಳಿಗೆ ಪೆಂಡಾಲು, ಕುರ್ಚಿ, ಪಾತ್ರೆ ಎಲ್ಲ ಅವರದೇ...

ಅಂಥವರು ಒಬ್ಬಳೇ ಮಗಳ ಮದುವೆ ಎಂದರೆ ಬಿಡುತ್ತಾರೆಯೇ?

ಚರ್ಚ್ ಬುಕ್ ಆಯಿತು. ಹಾಲ್ ಬುಕ್ ಆಯಿತು. ಕ್ವಾಯರ್‌ನವರು ಯಾವ ಹಾಡು ಹಾಡಬೇಕೆಂದು ಚೌರಪ್ಪನವರೇ ಬರೆದುಕೊಟ್ಟರು. ಮಗಳ ಗೌನಿನ ತೋಳು ಎಷ್ಟುದ್ದ ಇರಬೇಕೆಂದು ಟೈಲರ್‌ಗೆ ಹೇಳಿದ್ದೂ ಅವರೇ.

ತಪ್ಪು ತಿಳಿಯಬೇಡಿ, ಕೆಟ್ಟ ಮನುಷ್ಯರಲ್ಲ. ಹೆಂಡತಿ ತೀರಿಕೊಂಡಾಗ ಮಗಳು ಜೆಸಿಂತಾಳಿಗೆ ಹತ್ತು ವರ್ಷ. ಅಂದಿನಿಂದ ಅಪ್ಪನೂ ಅವರೇ, ಅಮ್ಮನೂ ಅವರೇ.

ಉಳಿದದ್ದು ಒಂದೇ ಕೆಲಸ... ಚರ್ಚಿನ ಫಾರಂ.

ನಮ್ಮಲ್ಲಿ ಮದುವೆಗೆ ಮುಂಚೆ ಫಾದರ್ ಹುಡುಗನನ್ನು, ಹುಡುಗಿಯನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳುತ್ತಾರೆ. ಬೈಬಲ್ ಮೇಲೆ ಕೈಯಿಟ್ಟು ಉತ್ತರ ಹೇಳಬೇಕು. ಹೆತ್ತವರು ಒಳಗಿರುವಂತಿಲ್ಲ. ಅದು ಮುಗಿದ ಮೇಲೆಯೇ ಮೂರು ಭಾನುವಾರ ಪೂಜೆಯಲ್ಲಿ ಮದುವೆಯ ಪ್ರಕಟಣೆ.

ಹುಡುಗನದು ಅವರ ಊರಿನ ಚರ್ಚಿನಲ್ಲಿ ಆಗಲೇ ಮುಗಿದಿತ್ತು. ಶನಿವಾರ ಬೆಳಿಗ್ಗೆ ಜೆಸಿಂತಾಳ ಸರದಿ.

ಆಫೀಸ್ ಬಾಗಿಲಲ್ಲಿ ಚೌರಪ್ಪನವರು ಮೆಲ್ಲಗೆ ಹೇಳಿದರು. "ಫಾದರ್ ಏನ್ ಕೇಳಿದ್ರೂ ಹೂಂ ಅನ್ನು. ಬರೀ ಫಾರ್ಮಾಲಿಟಿ ಅಷ್ಟೇ. ಬೇಗ ಬಾ, ಕಾರ್ಡ್ ಪ್ರಿಂಟ್ ಮಾಡೋರು ಕಾಯ್ತಾವ್ರೆ."

"ಹೂಂ ಅಪ್ಪ."

ಬಾಗಿಲು ಮುಚ್ಚಿತು.

ಹತ್ತು ನಿಮಿಷವಾಯಿತು... ಇಪ್ಪತ್ತಾಯಿತು...

ಪ್ರೆಸ್‌ನಿಂದ ಫೋನ್ ಬಂತು. "ಸಾರ್, ಪ್ರಿಂಟಿಗೆ ಬಿಡ್ಲಾ?" "ಐದ್ ನಿಮಿಷ ಇರಪ್ಪ" ಎಂದರು.

ಅರ್ಧ ಗಂಟೆ ದಾಟಿತು. ಒಳಗೇನು ನಡೆಯುತ್ತಿದೆ? ಇವಳು ಯಾರನ್ನಾದರೂ ಲವ್ ಗಿವ್ ಮಾಡಿದ್ದಾಳಾ? ಬೀಗರಿಗೆ ಗೊತ್ತಾದರೆ ಗತಿಯೇನು? ಬಾಗಿಲು ಬಡಿಯಲು ಎರಡು ಸಲ ಕೈ ಎತ್ತಿ ಎರಡು ಸಲವೂ ಇಳಿಸಿದರು.

ನಲವತ್ತು ನಿಮಿಷಕ್ಕೆ ಫಾದರ್ ಬಾಗಿಲು ತೆರೆದರು.

"ಒಳಗೆ ಬನ್ನಿ ಚೌರಪ್ಪನವರೇ... ಜೆಸಿಂತಾನೇ ನಿಮ್ಮನ್ನ ಕರೀತಿದ್ದಾಳೆ."

ಮಗಳು ತಲೆ ತಗ್ಗಿಸಿ ಕೂತಿದ್ದಳು. ಟೇಬಲ್ ಮೇಲೆ ಅರ್ಧ ತುಂಬಿದ ಫಾರಂ.

"ನಿಮ್ಮ ಮಗಳು ಎಲ್ಲದಕ್ಕೂ ಹೌದು ಅಂದ್ಲು..." ಎಂದರು ಫಾದರ್.

"ಇನ್ನೇನ್ ಫಾದರ್, ಸೈನ್ ಹಾಕಿಸ್ಕೊಳಿ."

"ಆರನೇ ಪ್ರಶ್ನೆಗೂ ಹೌದು ಅಂದ್ಲು."

ಚೌರಪ್ಪನವರು ಕನ್ನಡಕ ಹಾಕಿಕೊಂಡು ಓದಿದರು... 'ಈ ಮದುವೆಗೆ ನಿಮ್ಮನ್ನು ಯಾರಾದರೂ ಒತ್ತಾಯಿಸುತ್ತಿದ್ದಾರೆಯೇ?'

ಹೋದ ಜೀವ ಬಂದಂತಾಯಿತು. ನಕ್ಕುಬಿಟ್ಟರು.

"ಅಯ್ಯೋ, ಎಲ್ಲಾದಕ್ಕೂ ಹೂಂ ಅನ್ನು ಅಂತ ನಾನೇ ಹೇಳಿದ್ದೆ ಫಾದರ್. ಈ ಪೆದ್ದಿ ಅದಕ್ಕೂ ಹೂಂ ಅಂದವ್ಳೆ. ಹೊಡೆದಾಕಿ, ಇಲ್ಲ ಅಂತ ಬರ್ಕೊಳಿ."

ಫಾದರ್ ಪೆನ್ನು ಮುಟ್ಟಲಿಲ್ಲ.

"ನಾನು ಪೆದ್ದಿ ಅಲ್ಲಪ್ಪ..." ಎಂದಳು ಜೆಸಿಂತಾ. "ಫಾದರ್ ಮೂರ್ ಸಲ ಕೇಳಿದ್ರು. ಮೂರ್ ಸಲಾನೂ ಯೋಚ್ನೆ ಮಾಡೇ ಹೇಳ್ದೆ."

ಚೌರಪ್ಪನವರ ಮುಖ ಕೆಂಪಾಯಿತು.

"ನಾನೇನ್ ನಿನ್ನ ಹೊಡೆದ್ನಾ? ಬೈದ್ನಾ? ನಿನ್ ಮನಸ್ಸಲ್ಲಿ ಬೇರೆ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ."

"ಮತ್ತೆ ಮದ್ವೆ ಬೇಡ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ವಲ್ಲಪ್ಪ... ಹಾಲ್ ಬುಕ್ ಮಾಡ್ಬಿಟ್ಟು ಬಂದು ಹೇಳಿದ್ರಿ. ನಿಂಗೆ ಇಷ್ಟ ಇದ್ಯಾ ಅಂತ ನನ್ನ ಫಸ್ಟ್ ಟೈಮ್ ಕೇಳಿದ್ದು ಈ ಫಾರಂ."

ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ... ಆ ಮಾತು ಹೇಳಿದವನು ಖಂಡಿತ ಯಾವುದೋ ಹೆಣ್ಣಿನ ಅಪ್ಪನೇ ಇರಬೇಕು.

ಅಷ್ಟರಲ್ಲಿ ಮತ್ತೆ ಪ್ರೆಸ್‌ನವರ ಫೋನ್. ಚೌರಪ್ಪನವರು ಸಿಟ್ಟಿನಿಂದ ಎದ್ದು ಬಾಗಿಲವರೆಗೂ ಹೋದರು. ಮಗಳನ್ನು ಎಳೆದುಕೊಂಡು ಹೋಗಲೆಂದು ತಿರುಗಿದರು...

ಮಗಳ ಕೈ ಇನ್ನೂ ಬೈಬಲ್ ಮೇಲೆಯೇ ಇತ್ತು. ನಲವತ್ತು ನಿಮಿಷದಿಂದ ತೆಗೆದಿರಲಿಲ್ಲ. ಅಪ್ಪ ತಿರುಗಿದ್ದೇ ತಡ, ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು.

ನನ್ನ ಮಗಳು ನನಗೇ ಇಷ್ಟು ಹೆದರುತ್ತಾಳಾ?

ವಾಪಸ್ ಬಂದು ಅವಳ ಪಕ್ಕ ಕೂತರು. "ಈಗ ಕೇಳ್ತಾ ಇದೀನಿ ಕಣವ್ವ... ಈ ಮದ್ವೆ ನಿಂಗೆ ಇಷ್ಟ ಇದ್ಯಾ?"

"ಇಲ್ಲಪ್ಪ."

ಚೌರಪ್ಪನವರು ಪ್ರೆಸ್‌ಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಲು ಹೇಳಿದರು. ಆಮೇಲೆ ಬೀಗರಿಗೆ ಮಾಡಿದರು. ಆ ಕಡೆಯಿಂದ ಹತ್ತು ನಿಮಿಷ ಬೈಗುಳ... ಮಗಳನ್ನು ಹದ್ದುಬಸ್ತಿನಲ್ಲಿ ಇಡಲಾಗದವನು ಎಂಬ ಮಾತೂ ಬಂತು.

"ತಪ್ಪು ನಂದು, ಅವಳದ್ದಲ್ಲ" ಎಂದಷ್ಟೇ ಹೇಳಿದರು. ಸಂಬಂಧ ಅಲ್ಲಿಗೇ ಮುರಿಯಿತು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮಗಳು ಒಂದು ಹೋಟೆಲ್‌ಗೆ ಹೋದರು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ.

"ಎರಡು ಸೆಟ್ ದೋಸೆ, ಎರಡು ಕಾಫಿ" ಎಂದ ಚೌರಪ್ಪನವರು ತಟ್ಟನೆ ನಿಲ್ಲಿಸಿದರು. ಮಗಳ ಕಡೆ ತಿರುಗಿದರು.

"ನಿಂಗೇನ್ ಬೇಕವ್ವ?"

ಜೆಸಿಂತಾ ಗೋಡೆಯ ಮೇಲಿನ ಬೋರ್ಡ್ ಓದಿದಳು. ಆಮೇಲೆ ಹೇಳಿದಳು.

"ದೋಸೆ ಸಾಕು. ಆದ್ರೆ ಟೀ ಹೇಳಿ ಅಪ್ಪ... ನಂಗೆ ಕಾಫಿ ಸೇರಲ್ಲ."

ಹೆಂಡತಿ ಹೋದ ಮಾರನೇ ದಿನದಿಂದ, ಹದಿನಾರು ವರ್ಷ... ದಿನಾ ಬೆಳಿಗ್ಗೆ ತಾವೇ ಎದ್ದು ಕಾಫಿ ಮಾಡಿ ಮಗಳ ಕೈಗೆ ಕೊಟ್ಟಿದ್ದರು. ಅವಳು ಒಂದು ದಿನವೂ ತಪ್ಪಿಸದೆ ಕುಡಿದಿದ್ದಳು.

ಚೌರಪ್ಪನವರು ಹೋಟೆಲ್‌ನಲ್ಲಿ, ಅಷ್ಟು ಜನರ ಮುಂದೆಯೇ, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

*

ಮಕ್ಕಳಿಗಾಗಿ ಎಲ್ಲ ಮಾಡುವುದು ಪ್ರೀತಿಯೇ... ಆದರೆ ಅವರನ್ನು ಒಂದು ಮಾತು ಕೇಳಿ ಮಾಡಿ.

ನಿಮ್ಮ ಮನೆಯಲ್ಲಿ ಸುಮ್ಮನೆ ಕುಡಿದು ಲೋಟ ಕೆಳಗಿಡುವವರಿಗೆ ಕಾಫಿ ಇಷ್ಟವೋ, ಟೀ ಇಷ್ಟವೋ... ನಿಮಗೆ ಗೊತ್ತಾ?