ಹುಡುಗನ ಬೆನ್ನಿಗೆ ಕೊಚ್ಚಿಯಲ್ಲಿ

ಹುಡುಗ ಟೀ ಲೋಟ ಕೆಳಗಿಟ್ಟ. ರುಕ್ಮಣಿ ಸರಕ್ಕನೆ ಮುಖ ತಿರುಗಿಸಿ ಫೋನನ್ನು ಕಿವಿಗೊತ್ತಿಕೊಂಡಳು.

"ಇವನೇ ಕಣೆ ರಾಮಾಯಿ, ಫೋಟೋದಲ್ಲಿರೋ ಮಣಿಕಂಠನ್. ಪಕ್ಕದಲ್ಲೇ ನಿಂತವ್ನೆ."

"ಮೆಲ್ಲ ಮಾತಾಡಕ್ಕ!" ಮಡತ್ತುಕುಳಂನಿಂದ ತಂಗಿ ಗದರಿದಳು. "ಸಮುದ್ರ ನೋಡಿದ್ಯಾ?"

"ಊರು ನೋಡಕ್ಕಾ ಬಂದೆ ನಾನು? ಹುಟ್ಟಿದಾಗಿಂದ ಸಮುದ್ರ ಕಂಡವಳಲ್ಲ, ಇನ್ನೊಂದಿನ ಕಾಣದಿದ್ರೆ ಏನಾಯ್ತು? ಇಲಕ್ಕಿಯಾ ಬದುಕು ಮುಖ್ಯ."

ಸುತ್ತೆಲ್ಲ ತಮಿಳೇ ಆಡುವ ತುಡಿಯಲೂರಿನ ಬಸ್ಸಿನಲ್ಲಾಗಲಿ, ಸಂತೆಯಲ್ಲಾಗಲಿ, ಅಕ್ಕತಂಗಿಯರ ಗುಟ್ಟಿಗೆಲ್ಲ ಮನೆಯ ಕನ್ನಡವೇ ಬೀಗ. ಸಂಬಂಧ ಒಪ್ಪುವ ಮೊದಲು ಹಿರಿಯರೊಬ್ಬರು ಹೇಳದೆ ಹೋಗಿ ಹುಡುಗನನ್ನು ಕಂಡು ಬರುವುದು ಆ ನೇಕಾರ ಮನೆಯ ಪದ್ಧತಿ. ಮೊಮ್ಮಗಳು ಇಲಕ್ಕಿಯಾಗೆ ಬಂದಿದ್ದ ಹುಡುಗ ಮದುಕ್ಕರೈನ ನಮ್ಮವರ ಮಗನೇ ಎಂದು ದಲ್ಲಾಳಿ ಹೇಳಿದ್ದ. ಕೆಲಸ ಕೊಚ್ಚಿಯಲ್ಲಿ. ಸಂಜೆಯೊಳಗೆ ಉತ್ತರ ಕೊಡಬೇಕು.

ಅವನ ಕಚೇರಿ ಟೀ ಅಂಗಡಿಯ ಎದುರಿಗೇ ಇತ್ತು. ಹುಡುಗ ಅತ್ತ ಹೋಗಲಿಲ್ಲ. ಫೋನಿನಲ್ಲಿ ಯಾರೊಂದಿಗೋ ಮಲಯಾಳದಲ್ಲಿ ನಾಲ್ಕು ಮಾತಾಡಿ, ಬೋಟ್ ಜೆಟ್ಟಿಯ ಕಡೆ ನಡೆದ. ಬುಧವಾರ, ಬೆಳಗಿನ ಹತ್ತೂವರೆ. ಕೆಲಸಗಳ್ಳನೇ? ರುಕ್ಮಣಿ ಹಿಂದೆಯೇ ಹೊರಟಳು.

ಬೋಟಿನಲ್ಲಿ ಅವನು ಕಿಟಕಿಯ ಸೀಟು ಬಿಟ್ಟು ಬಾಗಿಲಲ್ಲಿ ನಿಂತ. ಖಾಲಿಯಾದ ಜಾಗದಲ್ಲಿ ಅವಳು ಕುಳಿತಳು.

ಮಟ್ಟಾಂಚೇರಿಯ ಬೀದಿಗಳಲ್ಲಿ ಶುಂಠಿ, ಮೆಣಸಿನ ಘಾಟು. ಅವನದು ದಾಪುಗಾಲು. "ಓಡ್ತವ್ನೆ ರಾಮಾಯಿ, ನನ್ನ ಮಂಡಿ ಕಿತ್ತು ಬರ್ತದೆ," ಎಂದು ಅವಳು ಏದುಸಿರು ಬಿಟ್ಟಳು. ಆಮೇಲೆ ಅವನು ಅಂಗಡಿಗೊಂದು ಸಲ ನಿಲ್ಲತೊಡಗಿದ. ಏನೂ ಕೊಳ್ಳಲಿಲ್ಲ. ಯಾರಿಗೆ ಕಾಯುತ್ತಿದ್ದಾನೆ? ಯಾವಳಾದರೂ ಬರುತ್ತಾಳೆಯೇ? ಯಾರೂ ಬರಲಿಲ್ಲ.

"ಎಲ್ಲಿ ನೋಡಿದ್ರೂ ಮೀನು ವಾಸನೆ. ಎರಡು ಇಡ್ಲಿ ಸಿಕ್ಕಿದ್ರೆ ಸಾಕು," ಎಂದಳು ಮಧ್ಯಾಹ್ನ.

"ಹುಡುಗನ್ನ ನೋಡಕ್ಕೆ ಹೋದ್ಯಾ, ಇಡ್ಲಿ ತಿನ್ನಕ್ಕೆ ಹೋದ್ಯಾ?" ರಾಮಾಯಿ ನಕ್ಕಳು.

ಅದೃಷ್ಟಕ್ಕೆ ಅವನು ಹೊಕ್ಕಿದ್ದು ಸಸ್ಯಾಹಾರಿ ಹೋಟೆಲು.

ನಾಲ್ಕು ಗಂಟೆಗೆ ಫೋರ್ಟ್ ಕೊಚ್ಚಿ. ದಡದ ಚೀನಾ ಮೀನುಬಲೆಗಳು ನೀರಿನಿಂದ ನಿಧಾನವಾಗಿ ಎದ್ದವು. ಅವುಗಳಾಚೆ, ಕಣ್ಣು ಹಾಯುವವರೆಗೂ ಸಮುದ್ರ. ಒಂದು ಗಳಿಗೆ ರುಕ್ಮಣಿ ಹುಡುಗನನ್ನೇ ಮರೆತಳು. ಮರುಗಳಿಗೆ ನೆನಪಾಯಿತು. ಅವನು ಕೈಕಟ್ಟಿ, ಹತ್ತು ಹೆಜ್ಜೆ ಆಚೆ, ಸುಮ್ಮನೆ ನಿಂತಿದ್ದ.

ಅವಳು ಫೋನು ಮಾಡಿದಳು. "ಬೇಡ ಕಣೆ. ಗುಣ ಪರವಾಗಿಲ್ಲ. ಆದ್ರೆ ದಿನಪೂರ್ತಿ ಕೆಲಸ ಬಿಟ್ಟು ಬೀದಿ ಸುತ್ತೋ ಸೋಂಬೇರಿ. ಇವನಿಗೆ ಹೆಣ್ಣು ಕೊಡಕ್ಕಾಗಲ್ಲ. ಅವರ ಮನೆಗೆ ಹೇಳ್ಬಿಡು."

"ಈಗ್ಲೇ ಹೇಳ್ಲಾ?"

ಹುಡುಗ ತಿರುಗಿ ನೇರ ಅವಳ ಬಳಿಗೇ ಬಂದ.

"ಒಂದು ನಿಮಿಷ ಅಜ್ಜಿ," ಎಂದ, ಅವಳದೇ ಮನೆಯ ಕನ್ನಡದಲ್ಲಿ, "ಇವತ್ತು ಲೀವು ಹಾಕಿದ್ದೇ ನಿಮಗೆ ಊರು ತೋರ್ಸಕ್ಕೆ."