ಬಾಗಿಲ ಮೇಲಿನ ಕೆಂಪು ದೀಪ

ಬಾಗಿಲ ಮೇಲಿನ ಕೆಂಪು ದೀಪ ಮಿಣುಕತೊಡಗಿದ್ದನ್ನು ಕಂಡವಳು ಪ್ರಫುಲ್ಲಾ ಒಬ್ಬಳೇ. ಈ ಹೊಸ ರೈಲಿನ ಬಾಗಿಲು ತಾನಾಗಿಯೇ ಮುಚ್ಚುವ ಮೊದಲು ಕಿವಿ ಕೇಳುವವರಿಗೆ ಬೀಪ್ ಶಬ್ದ, ಅವಳಂಥವರಿಗೆ ಈ ದೀಪ. ಕುಂದಾಪುರದಲ್ಲಿ ಅವಳನ್ನು ಹತ್ತಿಸಲೆಂದು ಒಳಬಂದಿದ್ದ ಅಣ್ಣ ಭೋಜ ದೀಪಕ್ಕೆ ಬೆನ್ನು ಹಾಕಿ ನಿಂತು, ಪಕ್ಕದ ಸೀಟಿನ ಹೆಂಗಸಿಗೆ ಇಡೀ ಬೋಗಿಗೆ ಕೇಳುವಂತೆ ಹೇಳುತ್ತಿದ್ದ.

"ಅಕ್ಕಾ, ನಮ್ ತಂಗಿಗೆ ಕೆಮಿ ಕೇಂತಿಲ್ಲ. ಮಡಗಾಂವ್ ಬಂದ್ ಕೂಡ್ಲೆ ಒಂಚೂರ್ ಇಳ್ಸಿಕೊಡಿ. ಅದ್ಕೆ ಎಂತದೂ ಗೊತ್ತಾತಿಲ್ಲ."

ಆ ತುಟಿಗಳ ಓಟ ಪ್ರಫುಲ್ಲಾಳಿಗೆ ಬಾಯಿಪಾಠ. ಮೂವತ್ತೆರಡು ವರ್ಷಗಳಲ್ಲಿ ಬಸ್ಸು, ಆಸ್ಪತ್ರೆ, ಮದುವೆ ಛತ್ರ ಎಲ್ಲೇ ಹೋದರೂ ಅವನು ಅವಳನ್ನು ಹೀಗೆಯೇ ಯಾರಿಗಾದರೂ ಒಪ್ಪಿಸಿದ್ದ. ಅವಳು ಅವನ ಅಂಗಿಯ ತೋಳು ಜಗ್ಗಿ ದೀಪ ತೋರಿಸಿದಳು. ಭೋಜ ತಿರುಗಿಯೂ ನೋಡದೆ ಅವಳ ಕೈ ಕೊಡವಿ ಮಾತು ಮುಂದುವರಿಸಿದ. ಮತ್ತೊಮ್ಮೆ ಜಗ್ಗಲು ಹೋದ ಕೈಯನ್ನು ಪ್ರಫುಲ್ಲಾ ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

ಬಾಗಿಲು ಮುಚ್ಚಿತು. ರೈಲು ಹೊರಟದ್ದು ಗೊತ್ತಾಗಿ ಭೋಜ ಓಡಿದ, ಬಾಗಿಲು ಬಡಿದ, "ಹ್ವಾಯ್, ನಿಲ್ಸಿ!" ಎಂದು ಕೂಗಿದ. ಬೆವರುತ್ತಾ ಮರಳಿ ಬಂದು ತಂಗಿಯ ಸೀಟಿನ ಪಕ್ಕ ನಿಂತ. ಪ್ರಫುಲ್ಲಾ ಪಕ್ಕದ ಹೆಂಗಸಿನ ಭುಜ ಮುಟ್ಟಿದಳು. ಅಣ್ಣನತ್ತ ಬೆರಳು ತೋರಿಸಿ, ತನ್ನ ಕಿವಿ ಮುಟ್ಟಿಕೊಂಡು, ಕೇಳುವುದಿಲ್ಲ ಎಂಬಂತೆ ಕೈ ಅಲ್ಲಾಡಿಸಿದಳು. ಆಮೇಲೆ ಮೊಬೈಲಿನಲ್ಲಿ ಬರೆದು ತೋರಿಸಿದಳು: "ಮುಂದಿನ ಸ್ಟೇಷನ್ ಬೈಂದೂರು ಬಂದ ಕೂಡಲೇ ಅಣ್ಣನನ್ನು ಒಂಚೂರು ಇಳಿಸಿಕೊಡಿ."